ಮೀನಿನ ಹೊಂಡಕ್ಕೆ ಗಿಡಮೂಲಿಕೆ: ಎಷ್ಟು ನಂಬಬಹುದು?

(ಮೀನು ಕೃಷಿಕರ ತರಬೇತಿಯಲ್ಲಿ ಮಾಡಿದ ಭಾಷಣ)



ಇಗ್ಗಲೂರಿನಿಂದ ನೀರೆತ್ತಿ ತುಂಬಿಸುವ ಚನ್ನಪಟ್ಟಣದ ಕೆರೆಗಳಲ್ಲಿ, ರಾಮನಗರ, ಮಾಗಡಿ, ಕನಕಪುರದ ಕೃಷಿಹೊಂಡಗಳಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸಾಕುವವರು ನೀವು. ಮರಿ ಬಿಟ್ಟ ಕೆಲವು ತಿಂಗಳಿಗೆ ಮೀನಿನ ಮೈಮೇಲೆ ಕೆಂಪು ಹುಣ್ಣು ಕಂಡರೆ ಎದೆ ಧಸಕ್ಕೆನ್ನುತ್ತದೆ. ಸಾಲ ತಂದು ಬಿಟ್ಟ ಮರಿ! ಆಗ ಅಂಗಡಿಗೆ ಓಡಿ, ಕೋಳಿಗೆ ಕೊಡುವ ಆಂಟಿಬಯೋಟಿಕ್ ಪುಡಿಯನ್ನೇ ತಂದು ನೀರಿಗೆ ಸುರಿಯುವವರಿದ್ದಾರೆ.

ಈ ದುಡ್ಡು ನೀರಿಗೆ ಹೋಯಿತೆಂದೇ ತಿಳಿಯಿರಿ. 1988ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟ ಹುಣ್ಣು ರೋಗಕ್ಕೆ ಮೂಲ ಕಾರಣ ಬೂಸ್ಟಿನಂಥ ಒಂದು ಜೀವಿ. ಆಂಟಿಬಯೋಟಿಕ್‌ಗೆ ಅದು ಜಗ್ಗುವುದಿಲ್ಲ. ಏರೋಮೊನಾಸ್ ಎಂಬ ಬ್ಯಾಕ್ಟೀರಿಯಾದಿಂದಲೂ ಹುಣ್ಣಾಗುತ್ತದೆ, ನಿಜ. ಆದರೆ ಇಡೀ ಹೊಂಡದಲ್ಲಿ ಕರಗಿದ ಔಷಧಿ ಅದನ್ನು ಕೊಲ್ಲುವಷ್ಟು ಗಟ್ಟಿಯಾಗಿ ಉಳಿಯುವುದಿಲ್ಲ. ಸಾಯದೆ ಉಳಿದ ಬ್ಯಾಕ್ಟೀರಿಯಾ ಆ ಔಷಧಿಗೆ ಒಗ್ಗಿಕೊಳ್ಳುತ್ತದೆ. ನಾಳೆ ನಮ್ಮ ಮಕ್ಕಳಿಗೆ ಜ್ವರ ಬಂದಾಗ ಬೇಕಾಗುವುದೂ ಇದೇ ಜಾತಿಯ ಔಷಧಿಗಳು. ಕ್ಲೋರಂಫೆನಿಕಾಲ್, ನೈಟ್ರೋಫ್ಯೂರಾನ್‌ಗಳನ್ನು ಮೀನಿಗೆ ಬಳಸುವುದು ನಿಷಿದ್ಧ. 2019ರಿಂದ ಕೊಲಿಸ್ಟಿನ್ ಕೂಡ.

ಹಾಗಾದರೆ ಬೆಳ್ಳುಳ್ಳಿ, ಅರಿಶಿನ, ತುಳಸಿ, ಅಮೃತಬಳ್ಳಿ? ಇವುಗಳ ಸಾರವನ್ನು ಆಹಾರದಲ್ಲಿ ಬೆರೆಸಿ ಕೊಟ್ಟಾಗ ಮೀನಿನ ರೋಗನಿರೋಧಕ ಶಕ್ತಿ ಹೆಚ್ಚುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಹಾಗೆಂದು ಹುಣ್ಣಾದ ಮೇಲೆ ಕೊಟ್ಟು ಗುಣ ನಿರೀಕ್ಷಿಸಬೇಡಿ. ರೋಗ ಬಂದ ಮೀನು ಮೇವನ್ನೇ ಮುಟ್ಟುವುದಿಲ್ಲ. ಮದ್ದು ಹೊಟ್ಟೆಗೆ ಹೋಗುವುದೆಲ್ಲಿ? ಮಳೆ ನಿಂತು ಚಳಿ ಕಾಲಿಡುವ ಮುಂಚೆ, ಮೀನು ಚೆನ್ನಾಗಿ ತಿನ್ನುತ್ತಿರುವಾಗಲೇ ಕೊಡತಕ್ಕದ್ದು.

ಸುಲಭವಾದದ್ದು ಬೆಳ್ಳುಳ್ಳಿ. ಒಂದು ಕಿಲೋ ಆಹಾರಕ್ಕೆ 5ರಿಂದ 10 ಗ್ರಾಂ ಸಾಕು. ಹಸಿಯಾಗಿಯೇ ಜಜ್ಜಿ ಹತ್ತು ನಿಮಿಷ ಬಿಡಿ. ಜಜ್ಜಿದ ಮೇಲೆಯೇ ಅದರ ಕಾರದ ಸತ್ವ ಹುಟ್ಟುವುದು. ಇಡಿಯಾಗಿ ಬೇಯಿಸಿದರೆ ಆ ಸತ್ವ ಹುಟ್ಟುವುದೇ ಇಲ್ಲ. ಬಳಿಕ ಆರಿದ ತೆಳು ಗಂಜಿಯಲ್ಲಿ ಕಲಸಿ, ಆಹಾರಕ್ಕೆ ಸವರಿ, ನೆರಳಲ್ಲಿ ಆರಿಸಿ ಅಂದೇ ಹಾಕಿ. ಗಂಜಿಯ ಅಂಟಿಲ್ಲದಿದ್ದರೆ ಸಾರವೆಲ್ಲ ನೀರಿನ ಪಾಲು.

ಗಿಡದ್ದು ಎಂದ ಮಾತ್ರಕ್ಕೆ ನಿರಪಾಯವಲ್ಲ. ಬೇಡದ ಮೀನನ್ನು ಕೊಲ್ಲಲು ಹೊಂಡಕ್ಕೆ ಹಾಕುವ ಇಪ್ಪೆ ಹಿಂಡಿ ಗಿಡದ್ದೇ ಅಲ್ಲವೇ? ಬೇವೂ ಅಷ್ಟೆ, ಪ್ರಮಾಣ ಮೀರಿದರೆ ಮೀನಿಗೆ ವಿಷ. ರೇಷ್ಮೆ ಸಾಕುವವರು ಇನ್ನೊಂದು ಮಾತು ನೆನಪಿಡಬೇಕು: ಬೇವು ರೇಷ್ಮೆಹುಳುವಿಗೂ ಆಗದು. ಬೇವಿನ ಕಷಾಯ ಬಿದ್ದ ನೀರನ್ನು ಹಿಪ್ಪುನೇರಳೆ ಸೊಪ್ಪಿಗೆ ಎರಚಬೇಡಿ. ಯಾವುದೇ ಕಷಾಯವಾದರೂ ಮೊದಲು ತೊಟ್ಟಿಯಲ್ಲಿ ಹತ್ತು ಮೀನು ಬಿಟ್ಟು, ಒಂದು ದಿನ ನೋಡಿ ಆಮೇಲೆ ಹೊಂಡದ ಯೋಚನೆ ಮಾಡಿ.

ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಸಾಮಾನ್ಯವಾಗಿ ರೋಗವಲ್ಲ, ಉಸಿರಿನ ಕೊರತೆ. ಬೆಳ್ಳುಳ್ಳಿಯೂ ಬೇಡ, ಆಂಟಿಬಯೋಟಿಕ್ಕೂ ಬೇಡ. ಮೇವು ನಿಲ್ಲಿಸಿ, ಪಂಪಿನಿಂದ ನೀರನ್ನು ಮೇಲಿನಿಂದ ಹಾರಿಸಿ ಬಿಡಿ. ನಮ್ಮ ಕಡೆ ನೂಲು ಬಿಚ್ಚುವವರಿಂದ ರೇಷ್ಮೆಯ ಪ್ಯೂಪಾ ಅಗ್ಗಕ್ಕೆ ಸಿಗುತ್ತದೆಂದು ಹಸಿಯದನ್ನು ಬುಟ್ಟಿಗಟ್ಟಲೆ ಸುರಿಯುವುದುಂಟು. ಒಳ್ಳೆಯ ಮೇವೇ ಅದು. ಆದರೆ ತಿಂದು ಮಿಕ್ಕದ್ದು ತಳದಲ್ಲಿ ಕೊಳೆತು ಇದೇ ಅವಸ್ಥೆ ತರುತ್ತದೆ. ಒಣಗಿಸಿ, ತಿನ್ನುವಷ್ಟೇ ಹಾಕಿ. ತಳದ ಕೆಸರು ತೆಗೆದು ಸುಣ್ಣ ಹಾಕಿದ ಹೊಂಡದಲ್ಲಿ ಮೂಲಿಕೆಯ ಕೆಲಸವೂ ಹಗುರ.

ಇಷ್ಟಾಗಿಯೂ ಹುಣ್ಣು ಕಂಡರೆ ಸತ್ತ ಮೀನನ್ನು ತರಬೇಡಿ. ಗಂಟೆಗಳಲ್ಲೇ ಕೊಳೆತು ರೋಗದ ಗುರುತು ಸಿಗದು. ಜೀವವಿರುವ ಎರಡು ರೋಗದ ಮೀನು ಹೊಂಡದ ನೀರಿನಲ್ಲೇ ಚೀಲದಲ್ಲಿ, ಬೇರೆ ಬಾಟಲಿಯಲ್ಲಿ ಒಂದು ಲೀಟರ್ ನೀರು ತೆಗೆದುಕೊಂಡು ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಬೆಳಿಗ್ಗೆಯೇ ಬನ್ನಿ.