ಯಂತ್ರಕ್ಕಿಂತ ಮೊದಲಿನ ಪಾಠ

(ಕಲಾ ವಿದ್ಯಾರ್ಥಿಗಳ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಡಿಜಿಟಲ್ ಕಲೆಯ ಸ್ಟುಡಿಯೋ ಕೋರ್ಸಿಗೆ ಸೇರುವ ವಿದ್ಯಾರ್ಥಿ ಮೊದಲ ದಿನವೇ ಕೇಳುವುದು, ‘ಯಾವ ಸಾಫ್ಟ್‌ವೇರ್ ಕಲಿಸುತ್ತೀರಿ?’ ಎಂದು. ಪ್ರಶ್ನೆ ತಪ್ಪಲ್ಲ; ಶುಲ್ಕ ಕಟ್ಟುವ ತಂದೆತಾಯಿಯೂ ಅದನ್ನೇ ಕೇಳುತ್ತಾರೆ. ಆದರೆ ಇಂದು ಕಲಿತ ಸಾಫ್ಟ್‌ವೇರ್ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಆಮೇಲೂ ಉಳಿಯುವ ವಿದ್ಯೆ ಯಾವುದು? ಇದಕ್ಕೆ ಉತ್ತರ ಹುಡುಕಲು, ಕಂಪ್ಯೂಟರೇ ಇಲ್ಲದ ಕಾಲದ ತರಗತಿಯೊಂದನ್ನು ನೋಡೋಣ.

ಇಂಗ್ಲೆಂಡಿನ ಕಲಾವಿದ ರಾಯ್ ಆಸ್ಕಾಟ್ 1961ರಲ್ಲಿ ಲಂಡನ್ನಿನ ಈಲಿಂಗ್ ಕಲಾಶಾಲೆಯಲ್ಲಿ ‘ಗ್ರೌಂಡ್‌ಕೋರ್ಸ್’ ಎಂಬ ತರಗತಿಯನ್ನು ಆರಂಭಿಸಿದರು. 1964ರಲ್ಲಿ ಇಪ್ಸ್‌ವಿಚ್‌ನ ಕಾಲೇಜಿಗೆ ಹೋದಾಗ ಅದೇ ಪದ್ಧತಿಯನ್ನು ಅಲ್ಲಿಗೂ ಒಯ್ದರು. ಗಣಿತಜ್ಞ ನಾರ್ಬರ್ಟ್ ವೀನರ್ 1948ರಲ್ಲಿ ಮಂಡಿಸಿದ ‘ಸೈಬರ್ನೆಟಿಕ್ಸ್’ ವಿಚಾರ ಅವರನ್ನು ಸೆಳೆದಿತ್ತು. ಮಾಡಿದ ಕೆಲಸದ ಫಲ ನೋಡಿ ಮುಂದಿನ ಹೆಜ್ಜೆಯನ್ನು ತಿದ್ದಿಕೊಳ್ಳುವುದು ಪ್ರಾಣಿಗೂ ಯಂತ್ರಕ್ಕೂ ಸಮಾನವಾದ ಗುಣ; ಅದೇ ಈ ವಿಚಾರದ ತಿರುಳು. ಹಾಗಾದರೆ ಚಿತ್ರವೆಂಬ ವಸ್ತುವಿಗಿಂತ, ಅದನ್ನು ಮಾಡುವವರ ಮತ್ತು ನೋಡುವವರ ವರ್ತನೆಯೇ ಮುಖ್ಯ ಎಂದರು ಆಸ್ಕಾಟ್.

ಅವರ ಒಂದು ಅಭ್ಯಾಸ ಹೀಗಿತ್ತು: ವಿದ್ಯಾರ್ಥಿ ತನ್ನದಕ್ಕೆ ತೀರ ಭಿನ್ನವಾದ ಸ್ವಭಾವವೊಂದನ್ನು ಕಲ್ಪಿಸಿಕೊಂಡು, ವಾರಗಟ್ಟಲೆ ಅದರಂತೆಯೇ ನಡೆಯಬೇಕು. ಆರಾರು ಮಂದಿಯ ಗುಂಪು ಕಟ್ಟಿ ಕೆಲಸವೊಂದನ್ನು ಮುಗಿಸಬೇಕು. ಕೈಗೆ ಅಂಟಿದ ರೂಢಿ ಬಿಡಿಸುವುದೇ ಇದರ ಉದ್ದೇಶ.

ಇಪ್ಸ್‌ವಿಚ್‌ನ ಆ ತರಗತಿಗೆ 1964ರಲ್ಲಿ ಸೇರಿದ ಹುಡುಗ ಬ್ರಯಾನ್ ಈನೋ. ವಾದ್ಯ ನುಡಿಸಲು ಬಾರದ ಆತನಿಗೆ ಕಾಲೇಜಿನ ಟೇಪ್ ರೆಕಾರ್ಡರ್ ಸಿಕ್ಕಿತು. ಲೋಹದ ದೀಪದ ಮುಚ್ಚಳವನ್ನು ತಟ್ಟಿ, ಆ ಸದ್ದನ್ನು ಬೇರೆ ಬೇರೆ ವೇಗಗಳಲ್ಲಿ ಕೂಡಿಸಿದ್ದು ಆತನ ಮೊದಲ ಪ್ರಯೋಗಗಳಲ್ಲೊಂದು.

1975ರ ಆರಂಭದಲ್ಲಿ ಅಪಘಾತಕ್ಕೀಡಾಗಿ ಈನೋ ಮಲಗಿದ್ದರು. ಗೆಳತಿಯೊಬ್ಬರು ಹಾರ್ಪ್ ಸಂಗೀತದ ತಟ್ಟೆಯೊಂದನ್ನು ತಂದುಕೊಟ್ಟರು. ಅದನ್ನು ಹಾಕಿ ಮಲಗಿದ ಮೇಲೆ ಸದ್ದು ತೀರ ಸಣ್ಣದೆಂದು ಗೊತ್ತಾಯಿತು. ಎದ್ದು ಹೆಚ್ಚಿಸುವ ಶಕ್ತಿಯಿಲ್ಲ. ಹೊರಗೆ ಮಳೆ. ಮಳೆಯ ಸದ್ದಿನೊಳಗೆ ಬೆರೆತು ಬಂದ ಸಂಗೀತ ಕೋಣೆಯ ಬೆಳಕಿನಂತೆ ಪರಿಸರದ ಒಂದು ಭಾಗವೇ ಆಯಿತು. 1978ರಲ್ಲಿ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಧ್ವನಿಮುದ್ರಿಕೆ ಬಂದಾಗ ಈ ಬಗೆಗೆ ಅವರು ‘ಆಂಬಿಯೆಂಟ್’ ಎಂಬ ಹೆಸರಿಟ್ಟರು.

ಅದರ ಒಂದು ಭಾಗದ ರಚನೆ ಬಹಳ ಸರಳ. ಹಾಡಿದ ಒಂದೊಂದೇ ಸ್ವರವನ್ನು ಟೇಪಿಗೆ ಹಿಡಿದು, ಟೇಪಿನ ಎರಡು ತುದಿಗಳನ್ನು ಅಂಟಿಸಿ ಸುತ್ತಲು ಬಿಟ್ಟರು. ಒಂದು ಸುತ್ತಿಗೆ ಇಪ್ಪತ್ತಮೂರೂವರೆ ಸೆಕೆಂಡು, ಇನ್ನೊಂದಕ್ಕೆ ಸುಮಾರು 26, ಮತ್ತೊಂದಕ್ಕೆ ಸುಮಾರು 30. ಅಳತೆಗಳು ಒಂದಕ್ಕೊಂದು ಹೊಂದದ ಕಾರಣ ಸ್ವರಗಳು ಪ್ರತಿ ಬಾರಿಯೂ ಹೊಸದಾಗಿ ಸೇರುತ್ತವೆ. ಕಲಾವಿದ ಇಲ್ಲಿ ಹಾಡು ಬರೆಯಲಿಲ್ಲ. ನಿಯಮ ಮಾಡಿ ಪಕ್ಕಕ್ಕೆ ಸರಿದ.

ಇದು ನಮಗೆ ತೀರ ದೂರದ ವಿಷಯವಲ್ಲ. ಈನೋ ವಿದ್ಯಾರ್ಥಿಯಾಗಿದ್ದಾಗ ಅಮೆರಿಕದ ಲಾ ಮಾಂಟ್ ಯಂಗ್ ಅವರ ರಚನೆಯೊಂದನ್ನು ಪ್ರದರ್ಶಿಸಿದ್ದರು. ದೀರ್ಘ ಸ್ವರಗಳಿಂದ ಕೋಣೆಯನ್ನೇ ತುಂಬಿಸುತ್ತಿದ್ದ ಯಂಗ್, 1970ರಲ್ಲಿ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರದು ಕಿರಾನಾ ಘರಾಣೆ. ಅದೇ ಘರಾಣೆ ಅಬ್ದುಲ್ ಕರೀಂಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಬಂತು. ತಂಬೂರಿ ಕೇಳಲೆಂದೇ ಯಾರೂ ಕಛೇರಿಗೆ ಹೋಗುವುದಿಲ್ಲ. ಅದು ನಿಂತರೆ ಮಾತ್ರ ಎಲ್ಲರಿಗೂ ತಿಳಿಯುತ್ತದೆ. ಹಿನ್ನೆಲೆ ಎಂದರೆ ಕಡಿಮೆ ದರ್ಜೆಯಲ್ಲ ಎಂಬುದನ್ನು ನಮಗೆ ಯಾರೂ ಬೇರೆಯಾಗಿ ಕಲಿಸಬೇಕಿಲ್ಲ.

ಕಂಪ್ಯೂಟರ್ ಬಂದದ್ದು ಆಮೇಲೆ. 1996ರಲ್ಲಿ ಈನೋ ತಮ್ಮ ನಿಯಮಗಳನ್ನು ‘ಕೋನ್’ ಎಂಬ ಸಾಫ್ಟ್‌ವೇರಿಗೆ ಕೊಟ್ಟು, ತಾನೇ ಹುಟ್ಟಿಕೊಳ್ಳುವ ಸಂಗೀತವನ್ನು ಫ್ಲಾಪಿಯಲ್ಲಿ ಹೊರತಂದರು. 2006ರ ‘77 ಮಿಲಿಯನ್ ಪೇಂಟಿಂಗ್ಸ್’ನಲ್ಲಿ ಕೈಯಿಂದ ಮಾಡಿದ ಸ್ಲೈಡ್‌ಚಿತ್ರಗಳು ಒಂದರ ಮೇಲೊಂದು ಮೂಡುತ್ತ, ಮಾಸುತ್ತ ಹೋಗುತ್ತವೆ. ಫ್ಲಾಪಿ ಈಗ ಬಳಕೆಯಲ್ಲಿಲ್ಲ. ಟೇಪಿನ ಸುತ್ತಿನಿಂದ ಕಲಿತ ಪಾಠ ಉಳಿದಿದೆ.

ಒಂದು ಎಚ್ಚರಿಕೆಯ ಮಾತು. ಗೋಡೆಗೆ ತೂಗುಹಾಕಿದ ಚಿತ್ರ ಬೇಡವೆನಿಸಿದರೆ ನೋಡುಗ ಮುಖ ತಿರುಗಿಸಬಹುದು. ಬಸ್ ನಿಲ್ದಾಣದಲ್ಲೋ ಆಸ್ಪತ್ರೆಯ ಪಡಸಾಲೆಯಲ್ಲೋ ನೀವಿಡುವ ಸದ್ದು, ಬೆಳಕು ಹಾಗಲ್ಲ. ಅಲ್ಲಿ ಕಾದು ಕುಳಿತವರಿಗೆ ಕಿವಿ ಮುಚ್ಚಿಕೊಳ್ಳಲಾಗದು. ಕೆಲವರು ಕೆಟ್ಟ ಸುದ್ದಿಯ ನಿರೀಕ್ಷೆಯಲ್ಲೇ ಇರುತ್ತಾರೆ. ಪರರ ಪರಿಸರದೊಳಗೆ ಅಪ್ಪಣೆಯಿಲ್ಲದೆ ಕಾಲಿಡುವ ಕಲೆ ಇದು. ಆದ್ದರಿಂದ ಇದರ ಮೊದಲ ಗುಣ ಸಂಕೋಚ.

ಹಾಗಾಗಿ ನನ್ನ ಸಲಹೆ ಇಷ್ಟೆ. ಕೋರ್ಸಿನ ಮೊದಲ ತಿಂಗಳು ಯಂತ್ರ ಮುಟ್ಟಬೇಡಿ. ಜನ ಕಾಯುವ ಜಾಗವೊಂದನ್ನು ಆರಿಸಿಕೊಂಡು ದಿನಕ್ಕೆ ಅರ್ಧ ಗಂಟೆ ಸುಮ್ಮನೆ ಕುಳಿತು, ಕೇಳಿಸಿದ್ದನ್ನು ಬರೆದಿಡಿ. ಅಲ್ಲಿ ಏನನ್ನು ಸೇರಿಸಬೇಕೆಂದು ಆಮೇಲೆ ಯೋಚಿಸಿ. ‘ಏನೂ ಬೇಡ’ ಎಂಬ ಉತ್ತರ ಬಂದರೆ ನಿಮ್ಮ ಮೇಷ್ಟ್ರು ಅದಕ್ಕೂ ಅಂಕ ಕೊಡಲಿ.