ಎಂಜಿನ್ನಿಗೂ ತಣ್ಣನೆಯ ಗಾಳಿ ಬೇಕು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ರೇಸ್ ಮತ್ತು ರ‍್ಯಾಲಿ ಕಾರುಗಳ ಎಂಜಿನ್ ಸಿದ್ಧಪಡಿಸುವುದು ನನ್ನ ಕಸುಬು. "ನಿಮ್ಮ ಕೆಲಸದ ಬಗ್ಗೆಯೇ ಮಾತಾಡಿ, ಆದರೆ ಹತ್ತನೇ ತರಗತಿಯವರಿಗೆ ಅರ್ಥವಾಗಬೇಕು" ಎಂದು ಸಮಿತಿಯವರು ಹೇಳಿದ್ದಾರೆ. ಅದಕ್ಕೆ ಒಂದೇ ವಿಷಯ ಹಿಡಿದುಕೊಂಡು ಬಂದಿದ್ದೇನೆ: ಎಂಜಿನ್ನಿನ ಒಳಗೆ ಹೋಗುವ ಗಾಳಿಯನ್ನು ತಣ್ಣಗಿಡುವುದು. ಕಾರಣವೂ ಇದೆ. ಈ ವರ್ಷ ನಮ್ಮೂರಿನ ಮೂರು ನಾಲ್ಕು ಹುಡುಗರು ಫೋನ್ ಮಾಡಿ, "ಅಣ್ಣಾ, ಕಾರಿಗೆ ಕೋಲ್ಡ್ ಏರ್ ಫಿಲ್ಟರ್ ಹಾಕಿಸಿದರೆ ಪಿಕಪ್ ಎಷ್ಟು ಜಾಸ್ತಿ ಆಗುತ್ತೆ?" ಎಂದು ಕೇಳಿದರು. ಒಬ್ಬ ಅದಕ್ಕಾಗಿ ಸಾಲ ಎತ್ತಲೂ ಹೊರಟಿದ್ದ. ಅವನ ಹೆಸರು ಹೇಳುವುದಿಲ್ಲ, ಇಲ್ಲೇ ಎಲ್ಲೋ ಕೂತಿದ್ದಾನೆ.

ಎಂಜಿನ್ ಪೆಟ್ರೋಲ್ ಕುಡಿಯುತ್ತದೆ ಎನ್ನುತ್ತೇವೆ. ಆದರೆ ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಹೆಚ್ಚುಕಡಿಮೆ 14.7 ಕಿಲೋ ಗಾಳಿ ಬೇಕು. ಪೆಟ್ರೋಲ್ ಎಷ್ಟು ಬೇಕಾದರೂ ಸುರಿಯಬಹುದು, ಗಾಳಿ ತುಂಬಿಸುವುದೇ ಕಷ್ಟ. 1.6 ಲೀಟರಿನ ಎಂಜಿನ್ 6,000 ಸುತ್ತಿನಲ್ಲಿ ಓಡುವಾಗ ನಿಮಿಷಕ್ಕೆ ಸುಮಾರು 4,800 ಲೀಟರ್ ಗಾಳಿ ಎಳೆಯುತ್ತದೆ. ನಿಮ್ಮ ಮನೆಯ ಮೇಲಿನ ಸಾವಿರ ಲೀಟರಿನ ಕಪ್ಪು ಟ್ಯಾಂಕ್ ಹನ್ನೆರಡು ಸೆಕೆಂಡಿನಲ್ಲಿ ಖಾಲಿಯಾದ ಹಾಗೆ.

ಎಂಜಿನ್ ಗಾಳಿಯನ್ನು ಅಳೆಯುವುದು ಲೀಟರಿನಲ್ಲಿ, ಶಕ್ತಿ ಬರುವುದು ತೂಕದಿಂದ. ಇಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ಬರೆಸಿದ ಚಾರ್ಲ್ಸ್ ನಿಯಮ ಬರುತ್ತದೆ. ಒತ್ತಡ ಬದಲಾಗದಿದ್ದರೆ ಬಿಸಿಯಾದ ಗಾಳಿ ಹಿಗ್ಗುತ್ತದೆ. ಲೆಕ್ಕ ಮಾಡುವಾಗ ಉಷ್ಣತೆಗೆ 273 ಕೂಡಿಸಬೇಕು, ಅದನ್ನು ಮರೆತವರಿಗೆ ಏನಾಗುತ್ತಿತ್ತು ಎಂದು ನನ್ನ ತರಗತಿಯವರಿಗೆ ಗೊತ್ತು. ಹೊರಗಿನ ಗಾಳಿ 30 ಡಿಗ್ರಿ ಇದ್ದರೆ 303. ಬಾನೆಟ್ ಒಳಗಿನ ಗಾಳಿ 60 ಡಿಗ್ರಿ ಇದ್ದರೆ 333. ಭಾಗಿಸಿ ನೋಡಿ: ಅದೇ ಒಂದು ಲೀಟರಿನಲ್ಲಿ ಶೇಕಡ 9ರಷ್ಟು ಕಡಿಮೆ ಗಾಳಿ. ಹಾಗೆಂದು ಶಕ್ತಿಯೂ ಶೇಕಡ 9 ಇಳಿಯುವುದಿಲ್ಲ. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ನಿಗೆ ಎಂಜಿನಿಯರುಗಳು ಬಳಸುವ ಸೂತ್ರದಲ್ಲಿ ಈ ಅನುಪಾತದ ವರ್ಗಮೂಲ ಬರುತ್ತದೆ, ಏಕೆಂದರೆ ತಣ್ಣನೆಯ ಗಾಳಿಯೂ ಒಳಗಿನ ಬಿಸಿ ಗೋಡೆ ಮುಟ್ಟಿ ಸ್ವಲ್ಪ ಕಾಯುತ್ತದೆ. ಆದ್ದರಿಂದ ನಷ್ಟ ಶೇಕಡ ನಾಲ್ಕೂವರೆಯ ಸುಮಾರು. ನೂರು ಕುದುರೆಗಳಲ್ಲಿ ನಾಲ್ಕೈದು ಕುದುರೆ ಕೊಟ್ಟಿಗೆಯಲ್ಲೇ ಉಳಿದ ಹಾಗೆ.

ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ, ನಾಕಿಂಗ್. ಗಾಳಿ ಬಿಸಿಯಾಗಿದ್ದರೆ, ಕಿಡಿ ಹಚ್ಚಿದ ಉರಿ ಮುಟ್ಟುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿಯುತ್ತದೆ. ಅದು ಮುಂದುವರಿದರೆ ಪಿಸ್ಟನ್ ಒಡೆಯುತ್ತದೆ. ಈಗಿನ ಕಾರುಗಳ ಕಂಪ್ಯೂಟರ್ ಅದನ್ನು ಗುರುತಿಸಿ ಕಿಡಿಯನ್ನು ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಶಕ್ತಿ ಹೋಗುತ್ತದೆ.

ಟರ್ಬೊ ಎಂಜಿನ್ನಿನಲ್ಲಿ ಈ ಕಥೆ ಇನ್ನೂ ದಪ್ಪ. ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಟರ್ಬೊ ಮಾಡುವುದೂ ಅದನ್ನೇ. 30 ಡಿಗ್ರಿಯ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ತಂದರೆ, ಶೇಕಡ 70 ದಕ್ಷತೆಯ ಟರ್ಬೊದಿಂದ ಅದು ಹೊರಬರುವುದು ಸುಮಾರು 125 ಡಿಗ್ರಿಯಲ್ಲಿ. ನೀರು ಕುದಿಯುವುದಕ್ಕಿಂತ ಹೆಚ್ಚು! ಅದಕ್ಕೇ ನಡುವೆ ಇಂಟರ್‌ಕೂಲರ್ ಇಡುತ್ತಾರೆ. ನೋಡಲು ರೇಡಿಯೇಟರ್ ತರಹವೇ, ಒಳಗೆ ನೀರಿನ ಬದಲು ಗಾಳಿ. ಅದು ಹೆಚ್ಚಿದ ಬಿಸಿಯಲ್ಲಿ ಶೇಕಡ 70 ಭಾಗ ತೆಗೆದರೆ ಗಾಳಿ 58 ಡಿಗ್ರಿಯ ಹತ್ತಿರ ಬರುತ್ತದೆ, ತೂಕದಲ್ಲಿ ಶೇಕಡ 20ರಷ್ಟು ಲಾಭ. ಕೊಳವೆಗಳಲ್ಲಿ ಒತ್ತಡ ಸ್ವಲ್ಪ ಸೋರುವುದರಿಂದ ಪೂರ್ತಿ ಕೈಗೆ ಸಿಗುವುದಿಲ್ಲ.

ಇದು ಹೊಸ ವಿದ್ಯೆಯಲ್ಲ. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನದ ಮೆರ್ಲಿನ್ 61 ಎಂಜಿನ್ನಿನಲ್ಲಿ, 1942ರಲ್ಲೇ, ಎರಡು ಹಂತದ ಸೂಪರ್‌ಚಾರ್ಜರ್ ಜೊತೆಗೆ ಇಂಟರ್‌ಕೂಲರ್ ಇತ್ತು. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಕಾರು ಇಂಟರ್‌ಕೂಲರ್ ಇಲ್ಲದೆ, ನೀರು ಮತ್ತು ಮೆಥನಾಲ್ ಬೆರೆಸಿ ಎಂಜಿನ್ನಿಗೆ ಸಿಂಪಡಿಸುತ್ತಿತ್ತು. ಆ ಡಬ್ಬಿಯನ್ನು ಮತ್ತೆ ಮತ್ತೆ ತುಂಬಿಸುವ ತಾಳ್ಮೆ ಮಾಲೀಕರಿಗೆ ಇರಲಿಲ್ಲ. ಅದೇ ಉಪಾಯ 2016ರಲ್ಲಿ ಬಿಎಂಡಬ್ಲ್ಯು ಎಂ4 ಜಿಟಿಎಸ್ ಕಾರಿನಲ್ಲಿ ಮರಳಿ ಬಂತು, ಡಿಕ್ಕಿಯಲ್ಲಿ ಐದು ಲೀಟರ್ ನೀರಿನ ಟ್ಯಾಂಕಿನೊಂದಿಗೆ. ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್, ಸುಬಾರು ಇಂಪ್ರೆಜಾ ಕಾರುಗಳಲ್ಲಿ ಗುಂಡಿ ಒತ್ತಿದರೆ ಇಂಟರ್‌ಕೂಲರಿನ ಹೊರಮೈಗೆ ನೀರು ಚಿಮ್ಮುತ್ತಿತ್ತು. ಬೇಸಿಗೆಯಲ್ಲಿ ನಮ್ಮ ಅಜ್ಜಿಯರು ಮಡಕೆಗೆ ಒದ್ದೆ ಬಟ್ಟೆ ಸುತ್ತುತ್ತಿದ್ದದ್ದೂ ಇದೇ ತತ್ವ: ನೀರು ಆವಿಯಾಗುವಾಗ ಶಾಖ ಹೊತ್ತುಕೊಂಡು ಹೋಗುತ್ತದೆ. 2018ರ ಡಾಡ್ಜ್ ಡೀಮನ್ ಕಾರಂತೂ ಏಸಿಯ ತಂಪನ್ನೇ ಎಂಜಿನ್ನಿಗೆ ತಿರುಗಿಸುತ್ತಿತ್ತು. ಚಾಲಕ ಬೆವರಲಿ, ಎಂಜಿನ್ ತಣ್ಣಗಿರಲಿ!

ಈಗ ಹುಡುಗರ ಪ್ರಶ್ನೆಗೆ ಬರುತ್ತೇನೆ. ಅಂಗಡಿಯವರು ಮಾರುವ ಶಂಕುವಿನಾಕಾರದ ತೆರೆದ ಫಿಲ್ಟರನ್ನು ಕಂಪನಿಯ ಫಿಲ್ಟರ್ ಡಬ್ಬ ತೆಗೆದು ಬಾನೆಟ್ ಒಳಗೆ ಕೂರಿಸುತ್ತಾರೆ. ಅದು ಕುಡಿಯುವುದು ರೇಡಿಯೇಟರಿನ ಹಿಂದಿನ ಬಿಸಿಗಾಳಿ. ಬುಸ್ ಎಂದು ಜೋರು ಸದ್ದು ಬರುತ್ತದೆ, ಕಿವಿಗೆ ಶಕ್ತಿ ಹೆಚ್ಚಿದಂತೆ ಕೇಳುತ್ತದೆ. ನಿಮ್ಮ ಕಾರಿನ ಬಾನೆಟ್ ಎತ್ತಿ ಫಿಲ್ಟರ್ ಡಬ್ಬದ ಕೊಳವೆಯನ್ನು ಬೆರಳಿನಲ್ಲಿ ಹಿಂಬಾಲಿಸಿ. ಬಹುಪಾಲು ಕಾರುಗಳಲ್ಲಿ ಅದು ಮುಂದಿನ ಜಾಲರಿಯ ಹಿಂದೆಯೋ ಮಡ್‌ಗಾರ್ಡ್ ಪಕ್ಕದಲ್ಲೋ ಮುಗಿಯುತ್ತದೆ. ಅಂದರೆ ತಣ್ಣನೆಯ ಗಾಳಿ ಕಂಪನಿಯವರೇ ಕೊಟ್ಟಿದ್ದಾರೆ. ಮೆಕ್ಯಾನಿಕ್ ಹತ್ತಿರ ಸ್ಕ್ಯಾನರ್ ಇರುತ್ತದೆ, ಕಾರು ಓಡುತ್ತಿರುವಾಗ ಒಳಗಾಳಿಯ ಉಷ್ಣತೆ ಓದಿಸಿ. ಹೊರಗಿನದಕ್ಕಿಂತ ಐದಾರು ಡಿಗ್ರಿ ಮಾತ್ರ ಹೆಚ್ಚಿದ್ದರೆ ಅಲ್ಲಿ ಗಳಿಸುವುದು ಏನೂ ಉಳಿದಿಲ್ಲ. ನಿಂತಿರುವಾಗ ಓದಬೇಡಿ, ನಿಂತ ಕಾರು ಒಲೆಯ ಮೇಲಿನ ಪಾತ್ರೆ ಇದ್ದಂತೆ. ಇಷ್ಟೇ ಕಾರಣಕ್ಕೆ ರ‍್ಯಾಲಿಯಲ್ಲಿ ಸರದಿಗೆ ಕಾಯುವಾಗ ನಾವು ಬಾನೆಟ್ ತೆರೆದಿಡುತ್ತೇವೆ.

ಕೊಳವೆಗೆ ಬೆಳ್ಳಿ ಟೇಪ್ ಸುತ್ತುವುದರಿಂದಲೂ ಹೆಚ್ಚಿನ ಪ್ರಯೋಜನವಿಲ್ಲ. ಪೂರ್ತಿ ವೇಗದಲ್ಲಿ ಗಾಳಿ ಅರ್ಧ ಮೀಟರ್ ಕೊಳವೆ ದಾಟುವುದು ಸೆಕೆಂಡಿನ ಐವತ್ತನೇ ಒಂದು ಭಾಗದಲ್ಲಿ. ಕಾಯಲು ಅದಕ್ಕೆ ಪುರುಸೊತ್ತೆಲ್ಲಿ?

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ತಣ್ಣನೆಯ ಗಾಳಿಗಾಗಿ ಕೆಲವರು ಫಿಲ್ಟರನ್ನು ಬಂಪರಿನ ಕೆಳಗೆ, ರಸ್ತೆಗೆ ಹತ್ತಿರ ಇಳಿಸುತ್ತಾರೆ. ರೇಸ್ ಟ್ರ್ಯಾಕಿನಲ್ಲಿ ಸರಿ. ನಮ್ಮ ಕೆರೆ ಕೋಡಿ ಬಿದ್ದಾಗ ರಸ್ತೆಯ ಮೇಲೆ ಮೊಣಕಾಲುದ್ದ ನೀರು ಹರಿಯುತ್ತದೆ. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗದು. ಒಂದು ಲೋಟ ನೀರು ಸಿಲಿಂಡರಿಗೆ ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಪೂರ್ತಿ ಬಿಚ್ಚಬೇಕು. ನೀರಿನಲ್ಲಿ ಆಫ್ ಆದ ಕಾರನ್ನು ಮತ್ತೆ ಸ್ಟಾರ್ಟ್ ಮಾಡಲೇಬೇಡಿ, ತಳ್ಳಿಸಿ ಹೊರಗೆ ತನ್ನಿ. ನನ್ನ ಶೆಡ್ಡಿಗೆ ಮಳೆಗಾಲದಲ್ಲಿ ಬರುವ ಇಂಥ ಎಂಜಿನ್ನುಗಳ ಖರ್ಚು ಕೇಳಿ ಅಪ್ಪಂದಿರು ಬೆಂಚಿನ ಮೇಲೆ ಸುಮ್ಮನೆ ಕೂತುಬಿಡುತ್ತಾರೆ.

ಟ್ರ್ಯಾಕ್ಟರ್, ಕಟಾವು ಯಂತ್ರ ಇಟ್ಟುಕೊಂಡವರಿಗೆ ಒಂದು ಮಾತು. ನಿಮ್ಮದು ಟರ್ಬೊ ಎಂಜಿನ್ ಆಗಿದ್ದು ಮುಂದೆ ಇಂಟರ್‌ಕೂಲರ್ ಇದ್ದರೆ, ಒಕ್ಕಣೆಯ ಹೊಟ್ಟು ಅದರ ಸಂದುಗಳಲ್ಲಿ ತುಂಬಿ ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಏದುತ್ತದೆ. ಸಂಜೆ ಎಂಜಿನ್ ಆರಿದ ಮೇಲೆ ಒಳಗಿನಿಂದ ಹೊರಕ್ಕೆ ಹಗುರವಾಗಿ ಗಾಳಿ ಹೊಡೆಯಿರಿ, ರಭಸ ಹೆಚ್ಚಾದರೆ ತಗಡಿನ ರೆಕ್ಕೆಗಳು ಮಡಚಿಕೊಳ್ಳುತ್ತವೆ. ಕಾಸು ಖರ್ಚಿಲ್ಲ.

ಸ್ಕ್ಯಾನರ್ ತಂದಿದ್ದೇನೆ. ಊಟ ಆದ ಮೇಲೆ ಕಾರಿರುವವರು ಆಟದ ಮೈದಾನದ ಹತ್ತಿರ ಬನ್ನಿ, ಒಂದು ಸುತ್ತು ಓಡಿಸಿ ನೋಡೋಣ. ಹತ್ತನೇ ತರಗತಿಯವರು ಪೆನ್ನು, ಹಾಳೆ ತನ್ನಿ, 273 ಕೂಡಿಸುವ ಕೆಲಸ ನಿಮ್ಮದು.