ನಿವೇಶನದ ನೆಲಮಟ್ಟವೂ ಕಡತದ ಭಾಗವಾಗಲಿ

(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಅಧ್ಯಕ್ಷರು ಹಾಗೂ ಸಿಬ್ಬಂದಿಯನ್ನು ಉದ್ದೇಶಿಸಿ ಮಾಡಿದ ಉಪನ್ಯಾಸದ ಪಾಠ)



ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕರಣ 64ರ ಅನ್ವಯ ಕಟ್ಟಡ ನಿರ್ಮಾಣಕ್ಕೆ ಗ್ರಾಮ ಪಂಚಾಯಿತಿಯ ಅನುಮತಿ ಅಗತ್ಯ. ಮಳಿಗೆ, ಗೋದಾಮು, ಕಲ್ಯಾಣ ಮಂಟಪಗಳ ಅರ್ಜಿ ಬಂದಾಗ ಇ-ಸ್ವತ್ತು ದಾಖಲೆ, ಭೂಪರಿವರ್ತನಾ ಆದೇಶ ಮತ್ತು ನಕ್ಷೆಯನ್ನು ಪರಿಶೀಲಿಸುತ್ತೇವೆ. ಆದರೆ ಕಟ್ಟಡ ನಿಲ್ಲುವ ನೆಲವನ್ನು ಎಷ್ಟು ಕಡಿಯಲಾಯಿತು, ಎಷ್ಟು ತುಂಬಲಾಯಿತು ಎಂಬ ವಿವರ ಕಡತದಲ್ಲಿ ಅಪರೂಪ. ಕಾಂಕ್ರೀಟ್ ಹಾಸಿದ ಮೇಲೆ ಆ ಮಣ್ಣು ಯಾರಿಗೂ ಕಾಣದು, ಉಳಿಯುವುದು ಕಾಗದವೊಂದೇ.

ಅಜ್ಜಂಪುರದ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಹಾಸಿದ ನೆಲ ಸೀಳುವುದು ಸಹಜ. ಕಡೂರು, ತರೀಕೆರೆಗಳಲ್ಲಿ ತುಮಕೂರು–ಶಿವಮೊಗ್ಗ ಹೆದ್ದಾರಿಯ ಬದಿಯ ತಗ್ಗು ನಿವೇಶನಗಳನ್ನು ರಸ್ತೆಯ ಮಟ್ಟಕ್ಕೆ ಏರಿಸಲಾಗುತ್ತದೆ. ಮೂರಡಿ ಮಣ್ಣು ಏರಿದರೆ ಹಿಂದಿನ ಕೇರಿಯ ಮಳೆನೀರಿನ ದಾರಿ ಮುಚ್ಚಿ, ನೀರು ತಗ್ಗಿನ ಮನೆಗಳ ಹೊಸ್ತಿಲು ದಾಟಬಹುದು. ಮೊದಲಿದ್ದ ಮಟ್ಟವನ್ನು ಸಾಬೀತುಪಡಿಸಲು ಆ ಮನೆಯವರ ಕೈಯಲ್ಲಿ ಏನೂ ಇರುವುದಿಲ್ಲ.

ಆದುದರಿಂದ ಪ್ರತಿ ವಾಣಿಜ್ಯ ಕಡತದಲ್ಲಿಯೂ ಈ ನಾಲ್ಕು ದಾಖಲೆಗಳಿರಲಿ ಎಂಬುದು ನನ್ನ ಸಲಹೆ.

1. ಕೆಲಸಕ್ಕೆ ಮುಂಚಿನ ಮಟ್ಟ: ಶಾಲೆಯ ಮೆಟ್ಟಿಲಿನಂತಹ ಕದಲದ ಗುರುತನ್ನು ಆಧಾರವಾಗಿಟ್ಟು ನಿವೇಶನದ ಮೂಲೆಗಳು, ರಸ್ತೆ, ಮೋರಿಯ ತಳ ಹಾಗೂ ನೆರೆಮನೆಯ ಹೊಸ್ತಿಲಿನ ಮಟ್ಟಗಳನ್ನು ನಮೂದಿಸುವುದು.

2. ಮಣ್ಣಿನ ಮೂಲ ಮತ್ತು ಗುಣ: ಎರೆಮಣ್ಣು, ಕೆರೆಗೋಡು ತುಂಬಲು ಸಲ್ಲವು, ಗೊರಚು ಮಣ್ಣು ಉತ್ತಮ. ಸಂಶಯವಿದ್ದಲ್ಲಿ ಐಎಸ್ 2720 ಭಾಗ 40ರಂತೆ ಉಬ್ಬುವಿಕೆಯ ಪರೀಕ್ಷೆ ಮಾಡಿಸುವುದು.

3. ಪದರಗಳ ವಿವರ: 20ರಿಂದ 25 ಸೆಂ.ಮೀ. ದಪ್ಪದ ಪದರ ಹರಡಿ, ನೀರು ಚಿಮುಕಿಸಿ, ರೋಲರ್ ಹಾಯಿಸಿದ ದಿನಾಂಕ ಮತ್ತು ಛಾಯಾಚಿತ್ರ. ಭಾಗ 28ರಂತೆ ಮರಳು ತುಂಬಿ ಅಳೆದ ಸಾಂದ್ರತೆ. ಪ್ರಯೋಗಾಲಯದ ಗರಿಷ್ಠ ಸಾಂದ್ರತೆಯ ಶೇ. 95ನ್ನು ಗುರಿಯಾಗಿ ಇಟ್ಟುಕೊಳ್ಳುವುದು ರೂಢಿ.

4. ಮುಗಿದ ಮಟ್ಟ: ಅದೇ ಗುರುತಿನಿಂದ ಮತ್ತೆ ಅಳೆದು, ಮಳೆನೀರು ಯಾವ ಮೋರಿಗೆ ಸೇರುವುದೆಂದು ನಕ್ಷೆಯಲ್ಲಿ ತೋರಿಸುವುದು.

ಇದರಿಂದ ವಿಳಂಬವಾಗುವುದೆಂದು ಅರ್ಜಿದಾರರು ಆಕ್ಷೇಪಿಸಬಹುದು. ಡಂಪಿ ಲೆವೆಲ್ ಇಟ್ಟು ಒಂದು ನಿವೇಶನದ ಮಟ್ಟ ತೆಗೆಯುವುದು ಅರ್ಧ ದಿನದ ಕೆಲಸ. ಬಿರುಕು ಬಿಟ್ಟ ಗೋದಾಮನ್ನು ಅಗೆದು ಸರಿಪಡಿಸುವುದು ಅಷ್ಟು ಸುಲಭವಲ್ಲ. ಈ ದಾಖಲೆ ಮಾಲೀಕರನ್ನೂ ಕಾಯುತ್ತದೆ, ಸಹಿ ಮಾಡುವ ನಮ್ಮನ್ನೂ ಕಾಯುತ್ತದೆ; ಎಲ್ಲಕ್ಕಿಂತ ಮಿಗಿಲಾಗಿ ತಗ್ಗಿನ ಮನೆಯವರ ಮಾತಿಗೆ ಆಧಾರವಾಗುತ್ತದೆ. ಅವರು ಕೇಳಿದಾಗ ಅದರ ನಕಲು ತಡವಿಲ್ಲದೆ ದೊರೆಯಲಿ.